ಫ್ಯಾಟಿಗ್ಯೂ ಅಲ್ಲ, ಫಟೀಗ್



ಈ ಸಲದ ಗೋಡೆ ಪತ್ರಿಕೆಯ ‘ಪದ ಪರಿಚಯ’ಕ್ಕೆ ಬರೆಯುವ ಸರದಿ ನನ್ನದು. ‘ಒಂದು ಇಂಗ್ಲಿಷ್ ಪದ ತಗೋ, ಅದರ ಉಚ್ಚಾರಣೆ, ಅರ್ಥ, ಬಳಕೆ ಮೂರನ್ನೂ ಬರಿ’ ಎಂದು ಮೇಷ್ಟ್ರು ಹೇಳಿದರು. ನಾನು ಪದ ಹುಡುಕಲು ಡಿಕ್ಷನರಿ ತೆಗೆಯಬೇಕಾಗಲಿಲ್ಲ. ಒಂದು ಪದ ತಾನಾಗಿಯೇ ನಮ್ಮ ಮನೆಗೆ ಬಂದು ಒಂದು ವಾರ ಕೂತು ಇಡೀ ಬೀದಿಗೆ ಗಾಬರಿ ಹುಟ್ಟಿಸಿತ್ತು. ಆ ಗಾಬರಿಗೆ ಅರ್ಧ ಕಾರಣ ಆ ಪದ, ಇನ್ನರ್ಧ ಕಾರಣ ನಾನು. ಆದ್ದರಿಂದ ಮೊದಲು ನಡೆದದ್ದನ್ನು ಹೇಳಿ ಆಮೇಲೆ ಪದಕ್ಕೆ ಬರುತ್ತೇನೆ.

ಪದ ನಮ್ಮ ಮನೆಗೆ ಬಂದದ್ದು

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುವುದು ನಿಮಗೆಲ್ಲ ಗೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹೇಗೆ ತಿನ್ನುತ್ತದೆ ಅನ್ನುವುದು ಸಾಕಿದವರಿಗೇ ಗೊತ್ತು. ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ಕೊನೆಯ ವಾರದಲ್ಲೇ ಖರ್ಚಾಗುತ್ತದೆ. ರಾತ್ರಿ ಹಗಲು ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು. ಹೋದ ಬೆಳೆಯಲ್ಲಿ ಅಂಥ ಒಂದು ಸಂಜೆ ಅವ್ವ ಸೊಪ್ಪಿನ ಹೊರೆ ಇಳಿಸಿದವಳು ಬಾಗಿಲ ಹತ್ತಿರವೇ ಕೂತುಬಿಟ್ಟಳು. ‘ಕಣ್ಣು ಕತ್ತಲೆ ಬರ್ತದೆ, ಏಳಕ್ಕೆ ಆಗ್ತಿಲ್ಲ’ ಅಂದಳು. ಮಾರನೇ ದಿನ ಅಪ್ಪ ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ ಪರೀಕ್ಷೆ ಮಾಡಿ, ಮಾತ್ರೆ ಕೊಟ್ಟು, ಒಂದು ಚೀಟಿ ಬರೆದುಕೊಟ್ಟರು. ಹುಳುವಿಗೆ ಸೊಪ್ಪು ಹಾಕುವ ಹೊತ್ತಾಯಿತು ಅಂತ ಇವರಿಬ್ಬರೂ ಏನೂ ಕೇಳದೆ ಬೇಗ ಬಂದುಬಿಟ್ಟರು.

ಮನೆಯಲ್ಲಿ ಇಂಗ್ಲಿಷ್ ಓದುವವನು ನಾನೊಬ್ಬನೇ. ಎಲ್ಲರೂ ಸುತ್ತ ಕೂತರು. ನಾನು ದೊಡ್ಡ ಪಂಡಿತನ ಹಾಗೆ ಚೀಟಿ ಹಿಡಿದು, ಎಫ್, ಎ, ಟಿ, ಐ, ಜಿ, ಯು, ಇ ಎಂದು ಕೂಡಿಸಿ ‘ಫ್ಯಾಟಿಗ್ಯೂ’ ಎಂದು ಓದಿದೆ. ಅದರ ಮುಂದೆ ‘ಮೂರು ತಿಂಗಳಿಂದ’ ಅಂತ ಇತ್ತು.

ಅಪ್ಪ, ‘ಫ್ಯಾಟ್ ಅಂದ್ರೆ ದಪ್ಪ ಅಲ್ವೇನೋ? ನಿಮ್ಮವ್ವ ನೋಡಿದ್ರೆ ಕಡ್ಡಿ ಹಂಗವ್ಳೆ’ ಅಂದರು. ಅಜ್ಜಿ ಸುಮ್ಮನಿರಲಿಲ್ಲ. ‘ಗ್ಯೂ ಅಂತ ಬಂದ್ರೆ ಅದು ಸೊಳ್ಳೆ ಕಾಯಿಲೆ ಕಣ್ಲಾ. ಡೆಂಗ್ಯೂ ಇಲ್ವಾ? ಇದು ಅದರ ತಂಗಿ ಇರಬೇಕು’ ಅಂದಳು. ಮಾರನೇ ದಿನ ಬೆಳಿಗ್ಗೆ ಹಾಲಿನ ಡೈರಿ ಮುಂದೆ ಈ ಸುದ್ದಿ ಹರಡಿತು. ಸೊಪ್ಪು ಕೊಯ್ಯಲು ಬರುತ್ತಿದ್ದ ಆಳುಗಳಲ್ಲಿ ಇಬ್ಬರು ಬರಲಿಲ್ಲ. ಪಕ್ಕದ ಮನೆಯವರು ಮಕ್ಕಳನ್ನು ನಮ್ಮ ಜಗಲಿಗೆ ಬಿಡಲಿಲ್ಲ. ಇತ್ತ ಅವ್ವ ಎರಡು ದಿನ ಮಾತ್ರೆ ನುಂಗಿದಳು, ಮಲ ಕಪ್ಪಗಾಯಿತೆಂದು ಹೆದರಿ ನಿಲ್ಲಿಸಿಬಿಟ್ಟಳು. ಅದೂ ಫ್ಯಾಟಿಗ್ಯೂ ಲಕ್ಷಣವೇ ಎಂದು ಬೀದಿ ತೀರ್ಮಾನ ಮಾಡಿತು. ಆಳು ಬರದೇ ಇದ್ದದ್ದರಿಂದ ಆ ಸುಸ್ತಿನಲ್ಲೇ ಅವ್ವ ಮತ್ತೆ ಹೊರೆ ಹೊತ್ತಳು. ಒಂದು ಪದ ತಪ್ಪು ಓದಿದರೆ ಏನು ಮಹಾ ಅಂತ ನಾವು ಅಂದುಕೊಳ್ಳುತ್ತೇವೆ. ನಮ್ಮ ಮನೆಯಲ್ಲಿ ಅದರ ಬೆಲೆ ಕೊಟ್ಟವಳು ಅವ್ವ.

ಒಂದು ವಾರದ ಮೇಲೆ ನಾನು ಆ ಚೀಟಿಯನ್ನು ಶಾಲೆಗೆ ತಂದು ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿದೆ. ಅವರು ನಗಲಿಲ್ಲ. ‘ಇದು ಫಟೀಗ್. ದಣಿವು ಅಂತ ಅರ್ಥ. ಅಂಟುವ ಕಾಯಿಲೆ ಅಲ್ಲ. ಆದರೆ ಚೀಟಿಯಲ್ಲಿ ನೀನು ಓದಬೇಕಾಗಿದ್ದದ್ದು ಇದರ ಕೆಳಗಿನ ಸಾಲು’ ಎಂದು ಬೆರಳಿಟ್ಟು ತೋರಿಸಿದರು. ಅಲ್ಲಿ ‘ಎಚ್‌ಬಿ 8.4’ ಅಂತ ಇತ್ತು. ಅದರ ವಿಷಯ ಮುಂದೆ ಬರೆಯುತ್ತೇನೆ.

ಉಚ್ಚಾರಣೆ

ಈ ಪದ ಹುಟ್ಟಿದ್ದು ಲ್ಯಾಟಿನ್ ಭಾಷೆಯಲ್ಲಿ. ದಣಿಸು ಎಂಬರ್ಥದ ‘ಫಟಿಗಾರೆ’ ಎಂಬ ಕ್ರಿಯಾಪದದಿಂದ ಫ್ರೆಂಚಿಗೆ ಬಂತು, ಫ್ರೆಂಚಿನಿಂದ ಇಂಗ್ಲಿಷಿಗೆ 17ನೇ ಶತಮಾನದಲ್ಲಿ ಬಂತು. ತವರುಮನೆಯ ಸೀರೆ ಉಟ್ಟುಕೊಂಡೇ ಬಂದಿದೆ. ಅಂದರೆ ಕಾಗುಣಿತ ಫ್ರೆಂಚಿನದೇ. ಕೊನೆಯ ಯು ಮತ್ತು ಇ ಎರಡೂ ಮೌನ. ಹೇಳುವಾಗ ‘ಫ’ ಸಣ್ಣದಾಗಿ, ‘ಟೀ’ ಒತ್ತಿ ಹೇಳಬೇಕು: ಫ-ಟೀಗ್.

‘ಸರ್, ಹೇಳದ ಅಕ್ಷರ ಯಾಕೆ ಬರೀಬೇಕು?’ ಎಂದು ನಾನು ಕೇಳಿದೆ. ಮೇಷ್ಟ್ರು ಬೋರ್ಡಿನ ಮೇಲೆ ಪೇಜ್, ಕೇಜ್, ಏಜ್ ಎಂದು ಬರೆದರು. ಜಿ ಪಕ್ಕದಲ್ಲಿ ನೇರವಾಗಿ ಇ ಬಂದರೆ ಗಕಾರ ಹೋಗಿ ಜಕಾರ ಆಗುತ್ತದೆ. ಹಾಗೆ ಆಗದಂತೆ ಇಬ್ಬರ ನಡುವೆ ಯು ಬಂದು ಕಾವಲು ನಿಂತಿದೆ. ಕಾವಲುಗಾರ ಮಾತಾಡುವುದಿಲ್ಲ, ನಿಂತಿರುತ್ತಾನೆ ಅಷ್ಟೆ. ಇದೇ ಜಾತಿಯ ಇನ್ನಷ್ಟು ಪದಗಳು ಇವೆ: ಲೀಗ್, ಪ್ಲೇಗ್, ವೇಗ್ ಅಂದರೆ ಅಸ್ಪಷ್ಟ, ಕಲೀಗ್ ಅಂದರೆ ಸಹೋದ್ಯೋಗಿ, ಡಯಲಾಗ್, ಕ್ಯಾಟಲಾಗ್. ನಾಲಿಗೆಗೆ ಹೇಳುವ ಟಂಗ್ ಕೂಡ ಹೀಗೇ ಮುಗಿಯುತ್ತದೆ. ಇವುಗಳ ಸ್ಪೆಲ್ಲಿಂಗನ್ನು ಒಟ್ಟಿಗೆ ಬರೆದುಕೊಂಡರೆ ಒಂದೇ ಸಲಕ್ಕೆ ಏಳೆಂಟು ಪದ ಬಾಯಿಗೆ ಬರುತ್ತವೆ.

ನಾನು ತಪ್ಪಿದ್ದು ‘ಆರ್ಗ್ಯೂ’ ಎಂಬ ಪದದ ಲೆಕ್ಕದಲ್ಲಿ. ವಾದ ಮಾಡು ಎಂಬ ಆ ಪದದಲ್ಲಿ ಕೊನೆಯ ‘ಗ್ಯೂ’ ಬಾಯಲ್ಲಿ ಹೇಳುತ್ತೇವೆ. ಅಜ್ಜಿ ಹೇಳಿದ ಡೆಂಗ್ಯೂ ಕೂಡ ಇಂಗ್ಲಿಷಿನಲ್ಲಿ ‘ಡೆಂಗಿ’. ಅದಕ್ಕೂ ಇದಕ್ಕೂ ಕೊನೆಯ ಮೂರಕ್ಷರ ಒಂದೇ, ನೆಂಟಸ್ತಿಕೆ ಅಷ್ಟಕ್ಕೇ ಮುಗಿಯಿತು.

ಅರ್ಥ ಮತ್ತು ಅದರ ಅಕ್ಕತಂಗಿಯರು

ನಾವು ಇಂಗ್ಲಿಷಿನಲ್ಲಿ ದಣಿವಿಗೆ ಒಂದೇ ಪದ ಕಲಿತಿದ್ದೇವೆ, ‘ಟಯರ್ಡ್’. ಗದ್ದೆ ಕೆಲಸ ಮಾಡಿ ಬಂದಾಗ, ಕಬಡ್ಡಿ ಆಡಿ ಬಂದಾಗ ಆಗುವುದು ಟಯರ್ಡ್. ಊಟ ಮಾಡಿ ಒಂದು ನಿದ್ದೆ ತೆಗೆದರೆ ಹೋಗುತ್ತದೆ. ‘ಐ ಆಮ್ ಟಯರ್ಡ್’ ಎಂದರೆ ನನಗೆ ದಣಿವಾಗಿದೆ. ಆದರೆ ‘ಐ ಆಮ್ ಟಯರ್ಡ್ ಆಫ್ ದಿಸ್’ ಎಂದರೆ ದಣಿವಲ್ಲ, ಇದು ನನಗೆ ಸಾಕಾಗಿದೆ ಎಂದು. ‘ಆಫ್’ ಎಂಬ ಒಂದು ಸಣ್ಣ ಪದ ಮೈಯ ದಣಿವನ್ನು ಮನಸ್ಸಿನ ಬೇಸರ ಮಾಡಿಬಿಟ್ಟಿತು ನೋಡಿ. ‘ಸ್ಲೀಪಿ’ ಎಂದರೆ ಬರೀ ತೂಕಡಿಕೆ, ಏಳನೇ ಪೀರಿಯಡ್ಡಿನಲ್ಲಿ ನಮಗೆಲ್ಲ ಬರುವುದು. ‘ಎಕ್ಸಾಸ್ಟೆಡ್’ ಎಂದರೆ ಪೂರ್ತಿ ಬರಿದಾಗಿ ಹೋಗುವುದು. ಅಡುಗೆಮನೆಯ ಹೊಗೆಯನ್ನು ಹೊರಗೆ ಹಾಕುವ ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ, ಅದೇ ಪದ.

ಇವೆಲ್ಲದರ ನಡುವೆ ಫಟೀಗ್ ಸ್ವಲ್ಪ ಗಂಭೀರ ಪದ. ಬಹಳ ದಿನದ ದುಡಿಮೆಯಿಂದಲೋ, ಕಾಯಿಲೆಯಿಂದಲೋ ಬಂದು, ನಿದ್ದೆ ಮಾಡಿ ಎದ್ದರೂ ಹೋಗದೆ ಉಳಿಯುವ ಬಳಲಿಕೆಗೆ ಡಾಕ್ಟರುಗಳು ಇದನ್ನೇ ಬರೆಯುತ್ತಾರೆ. ನಮ್ಮ ಕನ್ನಡದಲ್ಲಿ ದಣಿವು, ಆಯಾಸ, ಬಳಲಿಕೆ, ಸುಸ್ತು, ನಿತ್ರಾಣ ಎಂದು ಎಷ್ಟೊಂದು ಪದಗಳಿವೆ. ದಣಿವನ್ನು ‘ಆರಿಸಿಕೊಳ್ಳುತ್ತೇವೆ’, ಬೆವರು ಆರಿದಂತೆ ಅದು ಆರುತ್ತದೆ. ನಿತ್ರಾಣ ಹಾಗಲ್ಲ, ತ್ರಾಣವೇ ಇಲ್ಲ ಎಂಬ ಮಾತು. ಚೀಟಿಯಲ್ಲಿದ್ದ ಫಟೀಗ್‌ಗೆ ದಣಿವಿಗಿಂತ ಬಳಲಿಕೆ, ನಿತ್ರಾಣ ಎಂಬ ಪದಗಳೇ ಹತ್ತಿರ ಎಂದು ನನಗೆ ಅನ್ನಿಸುತ್ತದೆ.

ಬಳಕೆಯಲ್ಲಿ ಒಂದು ಎಚ್ಚರಿಕೆ. ‘ಐ ಆಮ್ ಫಟೀಗ್’ ಎಂದು ಬರೆಯಬೇಡಿ. ಅದು ‘ನಾನೇ ದಣಿವು’ ಎಂದ ಹಾಗಾಗುತ್ತದೆ. ‘ಐ ಆಮ್ ಫಟೀಗ್ಡ್’ ಎಂದು ಡಿ ಸೇರಿಸಬೇಕು. ಕ್ರಿಯಾಪದವಾಗಿಯೂ ಬಳಸಬಹುದು: ‘ದ ವರ್ಕ್ ಫಟೀಗ್ಡ್ ಹರ್’, ಕೆಲಸ ಅವಳನ್ನು ಬಳಲಿಸಿತು. ಆಟ ಮುಗಿಸಿ ಬಂದು ‘ಐ ಆಮ್ ಫಟೀಗ್ಡ್’ ಅಂದರೆ ತಪ್ಪೇನಿಲ್ಲ. ಆದರೆ ಮಾತಿನಲ್ಲಿ ಅದು ಮದುವೆಗೆ ಹಾಕುವ ಅಂಗಿಯನ್ನು ಹೊಲಕ್ಕೆ ಹಾಕಿಕೊಂಡು ಹೋದ ಹಾಗೆ. ಅಲ್ಲಿಗೆ ಟಯರ್ಡ್ ಸಾಕು.

ನಮ್ಮೂರಿನ ಮಿಲಿಟರಿ ಮಾವನಿಗೆ ಈ ಪದ ಮೊದಲೇ ಗೊತ್ತಿತ್ತು. ಸೈನ್ಯದಲ್ಲಿ ಗುಂಡಿ ತೋಡುವುದು, ಕಸ ಗುಡಿಸುವುದು, ಸಾಮಾನು ಇಳಿಸುವುದು ಮುಂತಾದ ಯುದ್ಧದ್ದಲ್ಲದ ಕೆಲಸಕ್ಕೆ ‘ಫಟೀಗ್’ ಅನ್ನುತ್ತಾರಂತೆ. ಆಗ ಹಾಕುವ ಬಟ್ಟೆಗೂ ಇಂಗ್ಲಿಷಿನಲ್ಲಿ ‘ಫಟೀಗ್ಸ್’ ಎಂದೇ ಹೆಸರು. ‘ಹಂಗಾದ್ರೆ ನಿಮ್ಮವ್ವ ದಿನಾ ಫಟೀಗ್ ಡ್ಯೂಟೀಲೇ ಅವ್ಳೆ ಬುಡು’ ಅಂತ ಮಾವ ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಕಬ್ಬಿಣಕ್ಕೂ ಫಟೀಗ್

ಈ ಪದದ ಇನ್ನೊಂದು ಬಳಕೆ ಕೇಳಿ ನನಗೆ ಬಹಳ ಆಶ್ಚರ್ಯವಾಯಿತು. ಕಬ್ಬಿಣ, ಅಲ್ಯೂಮಿನಿಯಂಗೂ ಫಟೀಗ್ ಆಗುತ್ತದಂತೆ! ವಿಜ್ಞಾನದ ಮಿಸ್ ಒಂದು ತಂತಿ ಕೊಟ್ಟು ‘ಇದನ್ನು ಎಳೆದು ತುಂಡು ಮಾಡು’ ಅಂದರು. ಆಗಲಿಲ್ಲ. ‘ಈಗ ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸು’ ಅಂದರು. ಹತ್ತಿಪ್ಪತ್ತು ಸಲ ಬಗ್ಗಿಸುವುದರಲ್ಲಿ ಪಟ್ಟಂತ ಮುರಿಯಿತು. ನೀವೂ ಮಾಡಿ ನೋಡಿ. ಮುರಿದ ಜಾಗ ಬಿಸಿಯಾಗಿರುತ್ತದೆ, ಹುಷಾರು.

1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಹತ್ತಿರ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಗಟ್ಟಿ ಅಚ್ಚು ಯಾಕೆ ಮುರಿಯಿತು ಎಂಬುದು ಆಗಿನ ಎಂಜಿನಿಯರುಗಳಿಗೆ ದೊಡ್ಡ ಪ್ರಶ್ನೆಯಾಯಿತು. ಆಮೇಲೆ ಜರ್ಮನಿಯ ಆಗಸ್ಟ್ ವೋಲರ್ ಎಂಬ ರೈಲ್ವೆ ಎಂಜಿನಿಯರ್ 1850 ಮತ್ತು 1860ರ ದಶಕಗಳಲ್ಲಿ ಅಚ್ಚುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ಉತ್ತರ ಕಂಡುಕೊಂಡರು. ಒಂದೇ ಸಲಕ್ಕೆ ಆರಾಮವಾಗಿ ಹೊರಬಲ್ಲ ಭಾರವನ್ನೇ ಲಕ್ಷಾಂತರ ಸಲ ಹೊರಿಸಿದರೆ ಲೋಹ ಮುರಿಯಬಹುದು. ಮೊದಲು ಕಣ್ಣಿಗೆ ಕಾಣದ ಸಣ್ಣ ಬಿರುಕು ಹುಟ್ಟುತ್ತದೆ, ಪ್ರತಿ ಸಲವೂ ಕೂದಲೆಳೆಯಷ್ಟು ಬೆಳೆಯುತ್ತದೆ, ಕೊನೆಗೊಂದು ದಿನ ಮುರಿಯುತ್ತದೆ.

1954ರಲ್ಲಿ ಕಾಮೆಟ್ ಎಂಬ ಬ್ರಿಟನ್ನಿನ ಎರಡು ಜೆಟ್ ವಿಮಾನಗಳು ಮೆಡಿಟರೇನಿಯನ್ ಸಮುದ್ರದ ಮೇಲೆ ಆಕಾಶದಲ್ಲೇ ಒಡೆದುಹೋದವು. ತನಿಖೆ ಮಾಡಿದವರು ಅಂಥದ್ದೇ ಒಂದು ವಿಮಾನವನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗಿನ ಒತ್ತಡವನ್ನು ಸಾವಿರಾರು ಸಲ ಏರಿಸಿ ಇಳಿಸಿ ನೋಡಿದರು. ಕೊನೆಗೆ ಕಿಟಕಿಯಂಥ ತೆರಪಿನ ಮೂಲೆಯಿಂದ ಬಿರುಕು ಎದ್ದಿತು. ಕಾರಣ ಮೆಟಲ್ ಫಟೀಗ್, ಅಂದರೆ ಲೋಹದ ದಣಿವು.

ಇದನ್ನು ಕೇಳಿದಾಗ ನನಗೆ ಬಾಗಿಲ ಹತ್ತಿರ ಕೂತ ಅವ್ವ ನೆನಪಾದಳು. ಅವತ್ತಿನ ಹೊರೆ ಏನೂ ದೊಡ್ಡದಾಗಿರಲಿಲ್ಲ, ದಿನಾ ಹೊರುವಷ್ಟೇ ಇತ್ತು. ‘ಇಷ್ಟಕ್ಕೇ ಯಾಕೆ ಕೂತಳು’ ಎಂದು ನಾವೆಲ್ಲ ಕೇಳಿದ್ದೆವು. ಆದರೆ ಲೋಹಕ್ಕೂ ಮನುಷ್ಯರಿಗೂ ಒಂದು ವ್ಯತ್ಯಾಸ ಇದೆ. ಬಿರುಕು ಬಿಟ್ಟ ಕಬ್ಬಿಣವನ್ನು ಎಷ್ಟು ದಿನ ಸುಮ್ಮನೆ ಇಟ್ಟರೂ ಬಿರುಕು ಕೂಡುವುದಿಲ್ಲ. ಮನುಷ್ಯರು ಸರಿಯಾದ ಆಹಾರ, ವಿಶ್ರಾಂತಿ, ಔಷಧಿ ಸಿಕ್ಕರೆ ಚೇತರಿಸಿಕೊಳ್ಳುತ್ತಾರೆ.

ಕೆಳಗಿನ ಸಾಲು: ಎಚ್‌ಬಿ 8.4

ಎಚ್‌ಬಿ ಅಂದರೆ ಹಿಮೋಗ್ಲೋಬಿನ್. ನಾವು ಉಸಿರಾಡಿದ ಆಮ್ಲಜನಕವನ್ನು ಶ್ವಾಸಕೋಶದಿಂದ ಮೈಯ ಮೂಲೆ ಮೂಲೆಗೆ ಹೊತ್ತು ತಲುಪಿಸುವುದು ರಕ್ತದಲ್ಲಿರುವ ಈ ಹಿಮೋಗ್ಲೋಬಿನ್. ಅದನ್ನು ಕಟ್ಟಲು ಕಬ್ಬಿಣದ ಅಂಶ ಬೇಕು. ಹೆಂಗಸರಿಗೆ 100 ಮಿಲಿಲೀಟರ್ ರಕ್ತದಲ್ಲಿ 12 ಗ್ರಾಂ, ಗಂಡಸರಿಗೆ 13 ಗ್ರಾಂ, ಗರ್ಭಿಣಿಯರಿಗೆ 11 ಗ್ರಾಂ ಆದರೂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಹೊರುವ ಆಳುಗಳು ಕಡಿಮೆಯಾದರೆ ಸೊಪ್ಪು ಹುಳುಮನೆಗೆ ಹೊತ್ತಿಗೆ ಸರಿಯಾಗಿ ಬರುತ್ತದೆಯೇ? ಹಾಗೇ ಆಮ್ಲಜನಕವೂ. ಅದಕ್ಕೇ ಸುಸ್ತು, ಏದುಸಿರು, ಕಣ್ಣು ಕತ್ತಲೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ನಮ್ಮ ಬೀದಿಯಲ್ಲಿ ಸರಿಸುಮಾರು ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ನಮ್ಮವ್ವನಂಥವರು ಇರಬಹುದು.

ಮೇಷ್ಟ್ರು ಹೇಳಿದ ಮೇಲೆ ಅಪ್ಪ ಮತ್ತೆ ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬಂದರು. ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಗಾಗುವುದು ಸಹಜ, ಹೆದರಬಾರದು. ಮಾತ್ರೆಯ ಹಿಂದೆಮುಂದೆ ಒಂದು ಗಂಟೆ ಟೀ ಕಾಫಿ ಕುಡಿಯಬಾರದು, ಅವು ಕಬ್ಬಿಣವನ್ನು ಮೈಗೆ ಹಿಡಿಯಲು ಬಿಡುವುದಿಲ್ಲ. ನಿಂಬೆಹಣ್ಣು, ನೆಲ್ಲಿಕಾಯಿ ಇದ್ದರೆ ಚೆನ್ನಾಗಿ ಹಿಡಿಯುತ್ತದೆ. ಸೊಪ್ಪು, ಕಾಳು, ಮೊಟ್ಟೆ, ಮಾಂಸ ತಿನ್ನಬೇಕು. ಸುಸ್ತು ಕಡಿಮೆಯಾಯಿತು ಅಂತ ಮಾತ್ರೆ ನಡುವೆ ನಿಲ್ಲಿಸಬಾರದು. ಎಲ್ಲ ಫಟೀಗ್‌ಗೂ ರಕ್ತಹೀನತೆಯೇ ಕಾರಣವಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯದಲ್ಲೂ ಹೀಗಾಗುತ್ತದೆ. ಆದ್ದರಿಂದ ವಾರಗಟ್ಟಲೆ ಹೋಗದ ಸುಸ್ತಿಗೆ ಪರೀಕ್ಷೆ ಮಾಡಿಸಲೇಬೇಕು.

ಇಲ್ಲಿ ನಮ್ಮದೂ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಅದೂ ಇದೇ ಕಬ್ಬಿಣದ ಮಾತ್ರೆ. ಅದನ್ನು ನಾಲಿಗೆ ಕೆಳಗೆ ಇಟ್ಟುಕೊಂಡು ಹೋಗಿ ಬೇಲಿ ಮೇಲೆ ಉಗಿಯುವವರು ಯಾರ್ಯಾರು ಅಂತ ನನಗೆ ಗೊತ್ತು. ಹೆಸರು ಬರೆಯುವುದಿಲ್ಲ, ಯಾಕೆಂದರೆ ಮೊದಲನೇ ಹೆಸರು ನನ್ನದೇ ಬರೆಯಬೇಕಾಗುತ್ತದೆ. ಈಗ ಊಟ ಆದ ಮೇಲೆ ನುಂಗುತ್ತಿದ್ದೇನೆ. ಬೇಲಿಗೆ ರಕ್ತಹೀನತೆ ಇಲ್ಲ, ನೀವೂ ನುಂಗಿ.

ಸುಸ್ತು ಮತ್ತು ಸುಸ್ತ್

ಕೊನೆಯದಾಗಿ ಒಂದು ಮಾತು. ಸುಸ್ತು ಎಂಬ ಪದ ಕನ್ನಡಕ್ಕೆ ಪಾರ್ಸಿ, ಉರ್ದು ಕಡೆಯಿಂದ ಬಂದದ್ದು. ಹಿಂದಿಯಲ್ಲೂ ಇದೆ. ಆದರೆ ಹಿಂದಿ ಪಾಠದಲ್ಲಿ ‘ಸುಸ್ತ್’ ಅಂದರೆ ಸೋಮಾರಿ, ಜಡ ಎಂದು ಅರ್ಥ ಬರೆದುಕೊಂಡಿದ್ದೇವೆ. ಒಂದೇ ಪದ, ಅಲ್ಲಿ ಸೋಮಾರಿತನ, ಇಲ್ಲಿ ದಣಿವು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಕೂತವರು ಕೂತೇ ಇರುತ್ತಾರೆ. ಒಳಗೆ ಏನಾಗುತ್ತಿದೆ ಅಂತ ಕೂತವರಿಗೇ ಗೊತ್ತು.

ಅವ್ವ ಆ ಮೂರು ತಿಂಗಳೂ ‘ಸುಸ್ತು ಕಣೋ’ ಅನ್ನುತ್ತಿದ್ದಳು. ಒಂದು ದಿನ ನಾನು, ‘ನೀನು ಯಾವಾಗ ನೋಡಿದ್ರೂ ಸುಸ್ತು ಸುಸ್ತು ಅಂತೀಯ, ಬರೀ ಸೋಮಾರಿ ಆಗಿದ್ದೀಯ’ ಅಂದುಬಿಟ್ಟಿದ್ದೆ. ಅವಳು ಏನೂ ಅನ್ನದೆ ಎದ್ದು ನನ್ನ ಅಂಗಿ ಒಗೆಯಲು ಹೋದಳು. ಅವಳು ಕನ್ನಡದಲ್ಲಿ ಹೇಳಿದ ಸುಸ್ತನ್ನು ನಾನು ಹಿಂದಿಯಲ್ಲಿ ಅರ್ಥ ಮಾಡಿಕೊಂಡಿದ್ದೆ. ಡಾಕ್ಟರು ಇಂಗ್ಲಿಷಿನಲ್ಲಿ ಬರೆದ ಮೇಲೆ ಮನೆಯವರೆಲ್ಲ ನಂಬಿದೆವು, ಅದನ್ನೂ ತಪ್ಪು ಓದಿ. ಅವಳ ಮಾತನ್ನು ಅವಳ ಭಾಷೆಯಲ್ಲೇ ಮೊದಲ ದಿನವೇ ನಂಬಿದ್ದರೆ ಚೀಟಿಯೇ ಬೇಕಾಗಿರಲಿಲ್ಲ, ಆಸ್ಪತ್ರೆಗೆ ಮೂರು ತಿಂಗಳು ಮೊದಲೇ ಹೋಗಬಹುದಿತ್ತು.

ಈಗ ಎರಡು ತಿಂಗಳಾಯಿತು. ಅವ್ವನ ಎಚ್‌ಬಿ 10.6ಕ್ಕೆ ಬಂದಿದೆ. ಇನ್ನೂ ಮಾತ್ರೆ ನಡೆಯುತ್ತಿದೆ. ಈ ಬೆಳೆಯಲ್ಲಿ ಬೆಳಗಿನ ಸೊಪ್ಪು ಅಪ್ಪನದು, ಸಂಜೆಯ ಸೊಪ್ಪು ನನ್ನದು. ಅಜ್ಜಿ ಮಾತ್ರ ಇನ್ನೂ ಫ್ಯಾಟಿಗ್ಯೂ ಅಂತಲೇ ಅನ್ನುತ್ತಾಳೆ. ಅವಳನ್ನು ತಿದ್ದುವ ಧೈರ್ಯ ನನಗಿಲ್ಲ.

ಈಗ ನಿಮಗೊಂದು ಅಭ್ಯಾಸ. ಟಯರ್ಡ್, ಸ್ಲೀಪಿ, ಫಟೀಗ್ ಇವುಗಳಲ್ಲಿ ಸರಿಯಾದದ್ದನ್ನು ಆರಿಸಿ.
1. ಜಾತ್ರೆಯಲ್ಲಿ ರಾತ್ರಿಯೆಲ್ಲ ನಾಟಕ ನೋಡಿ ಬೆಳಿಗ್ಗೆ ಕ್ಲಾಸಿನಲ್ಲಿ ಕೂತ ಹುಡುಗ.
2. ಓಟದ ಪಂದ್ಯ ಮುಗಿಸಿ ಮರದ ಕೆಳಗೆ ಕೂತ ಹುಡುಗಿ.
3. ಬೆಳಿಗ್ಗೆ ಎದ್ದ ತಕ್ಷಣವೇ ಗೋಡೆ ಹಿಡಿದುಕೊಂಡು ನಿಲ್ಲುವ ನಿಮ್ಮ ಮನೆಯ ಯಾರಾದರೂ ಒಬ್ಬರು.

ಮೊದಲೆರಡಕ್ಕೆ ಉತ್ತರ ಮುಂದಿನ ಸಂಚಿಕೆಯಲ್ಲಿ. ಮೂರನೆಯದಕ್ಕೆ ಅಲ್ಲಿಯವರೆಗೆ ಕಾಯಬೇಡಿ. ಇವತ್ತು ಮನೆಗೆ ಹೋಗಿ ಕೇಳಿ. ಬರಹದಲ್ಲಿ ತಪ್ಪಿದ್ದರೆ ಗುರುಗಳು ಕೆಂಪು ಮಸಿಯಲ್ಲಿ ತಿದ್ದಬೇಕೆಂದು ವಿನಂತಿ.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ